ವಿದ್ಯಾರ್ಥಿ ಮಂಕಾಗಿದ್ದರೆ ಕಾಲೇಜಿನವರು ಏನು ಮಾಡಬೇಕು? ಹಂತ ಹಂತವಾಗಿ

"ಮೇಡಂ, ನನ್ನ ಕ್ಲಾಸಿನ ಹುಡುಗ ಒಬ್ಬ ಯಾಕೋ ಸರಿ ಇಲ್ಲ. ಮಾತಾಡಿಸೋಣ ಅಂದ್ರೆ ಭಯ. ನಾನು ಏನೋ ಹೇಳಿ, ಅದು ಇನ್ನೇನೋ ಆಗಿಬಿಟ್ಟರೆ?"

ಪ್ರತಿ ಸೆಮಿಸ್ಟರಿನಲ್ಲೂ ಯಾರಾದರೊಬ್ಬರು ಹೀಗೆ ಕೇಳುತ್ತಾರೆ. ಉಪನ್ಯಾಸಕರು ಕೇಳುತ್ತಾರೆ, ಹಾಸ್ಟೆಲ್ ವಾರ್ಡನ್ ಕೇಳುತ್ತಾರೆ, ಲೈಬ್ರರಿಯವರು, ಫೀಸು ಕಟ್ಟಿಸಿಕೊಳ್ಳುವ ಕ್ಲರ್ಕ್ ಕೂಡ ಕೇಳಿದ್ದಾರೆ. ಎಲ್ಲರಿಗೂ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ.

ಮೊದಲು ಆ ಭಯದ ವಿಷಯ. ನೀವು ಕೌನ್ಸೆಲರ್ ಆಗಬೇಕಿಲ್ಲ. ಇದು ಖಿನ್ನತೆಯೋ ಬೇರೇನೋ ಅಂತ ಹೆಸರಿಡುವ ಕೆಲಸ ನಿಮ್ಮದಲ್ಲ. ಗಮನಿಸಬೇಕು, ಕೂರಿಸಿಕೊಂಡು ಕೇಳಬೇಕು, ಆಮೇಲೆ ತಿಳಿದವರ ಕೈಗೆ ಒಪ್ಪಿಸಬೇಕು. ಇಷ್ಟನ್ನು ನೆಟ್ಟಗೆ ಮಾಡಿದರೆ ಸಾಕು. ತುಂಬಾ ಮಕ್ಕಳು ಕೈತಪ್ಪುವುದು ಯಾರೋ ತಪ್ಪು ಮಾತಾಡಿದ್ದರಿಂದಲ್ಲ, ಯಾರೂ ಮಾತಾಡಿಸದೇ ಇದ್ದದ್ದರಿಂದ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಕೊಟ್ಟ ತೀರ್ಪಿನಲ್ಲಿ, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ತರಬೇತಿ ಪಡೆದ ಒಬ್ಬ ಕೌನ್ಸೆಲರ್ ಇರಲೇಬೇಕು ಎಂದು ಹೇಳಿದೆ. ಬೋಧಕರಿಗೂ ಬೋಧಕೇತರ ಸಿಬ್ಬಂದಿಗೂ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಕೊಡಬೇಕು ಎಂದಿದೆ. ನಿಮ್ಮ ಕಾಲೇಜಿನಲ್ಲಿ ಇದು ಇನ್ನೂ ಆಗಿಲ್ಲವಾದರೆ ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ಕೊಡಿ. ಆದರೆ ಅದು ಬರಲಿ ಅಂತ ಕಾಯುತ್ತಾ ಕೂರಬೇಡಿ.

ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಬೇಕಾದ್ದು

ಫೋನ್ ನಂಬರುಗಳು. ಇವತ್ತೇ ಮೊಬೈಲಿನಲ್ಲಿ ಸೇವ್ ಮಾಡಿ. 14416 ಎನ್ನುವುದು ಟೆಲಿ ಮನಸ್, ಅಂದರೆ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ವಿದ್ಯಾರ್ಥಿಯೇ ಮಾಡಬೇಕು ಅಂತೇನಿಲ್ಲ. "ನನ್ನ ವಿದ್ಯಾರ್ಥಿ ಹೀಗಿದ್ದಾನೆ, ನಾನೇನು ಮಾಡಲಿ?" ಎಂದು ನೀವೂ ಕೇಳಬಹುದು. ತುರ್ತಿಗೆ 112, ಆಂಬುಲೆನ್ಸಿಗೆ 108.

ಹತ್ತಿರದ ಚಿಕಿತ್ಸೆ ಎಲ್ಲಿ ಸಿಗುತ್ತದೆ ಅನ್ನುವುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹೊರರೋಗಿ ದಿನ ಮತ್ತು ಸಮಯ ಕೇಳಿ ಬರೆದಿಡಿ. ನಮ್ಮ ರಾಜ್ಯದಲ್ಲಿ 'ಮನೋಚೈತನ್ಯ' ಎಂಬ ಕಾರ್ಯಕ್ರಮವಿದೆ. ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ಏರ್ಪಾಡು ಅದು. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಬರುತ್ತಾರೆ ಅಂತ ಆಸ್ಪತ್ರೆಯಲ್ಲಿ ವಿಚಾರಿಸಿ. ದೊಡ್ಡ ಆಸ್ಪತ್ರೆ ಬೇಕಾದರೆ ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. 'ಯುವ ಸ್ಪಂದನ' ಎಂಬ ಯುವಜನರ ಮಾರ್ಗದರ್ಶನ ಕಾರ್ಯಕ್ರಮವನ್ನು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ನಡೆಸಿಕೊಂಡು ಬಂದಿದೆ. ಜಿಲ್ಲೆಯ ಇಲಾಖಾ ಕಚೇರಿಯಲ್ಲಿ ಕೇಳಿದರೆ ವಿವರ ಸಿಗುತ್ತದೆ.

ಒಂದು ಕೋಣೆ. ಸ್ಟಾಫ್ ರೂಮ್ ಬೇಡ. ಎರಡು ಕುರ್ಚಿ, ಕುಡಿಯುವ ನೀರು, ಆ ಅರ್ಧ ಗಂಟೆ ಯಾರೂ ನುಗ್ಗದ ಜಾಗ ಆದರೆ ಸಾಕು.

ಕೊನೆಯದು, ಸಿಬ್ಬಂದಿಯಲ್ಲಿ ಇಬ್ಬರ ಹೆಸರು. ಏನೇ ಅನುಮಾನ ಬಂದರೂ ಅವರಿಗೆ ತಿಳಿಸಬೇಕು. ಒಬ್ಬರು ರಜೆಯಲ್ಲಿದ್ದರೆ ಇನ್ನೊಬ್ಬರು ಇರುತ್ತಾರೆ. ಒಬ್ಬರಾದರೂ ಮಹಿಳೆಯಾಗಿರಲಿ.

ಹಂತ 1: ಬದಲಾವಣೆ ಗಮನಿಸಿ

ಮೂಲೆಯಲ್ಲಿ ಸುಮ್ನೆ ಕೂರುವ ಹುಡುಗ ಹುಟ್ಟಾ ಹಾಗೇ ಇರಬಹುದು. ಗಾಬರಿ ಬೇಡ. ಆದರೆ ಹೋದ ತಿಂಗಳು ಕ್ಯಾಂಟೀನಿನಲ್ಲಿ ನಾಲ್ಕು ಜನರನ್ನು ನಗಿಸುತ್ತಿದ್ದವನು ಈಗ ಒಬ್ಬನೇ ಕೂತಿದ್ದರೆ ನೋಡಲೇಬೇಕು. ಹಿಂದೆ ಹೇಗಿದ್ದ, ಈಗ ಹೇಗಿದ್ದಾನೆ? ಅದಷ್ಟೇ ಪ್ರಶ್ನೆ. ಎರಡು ವಾರಕ್ಕಿಂತ ಜಾಸ್ತಿ ಹಾಗೇ ಇದ್ದರೆ ಮಾತಾಡಿಸಲು ತಡ ಮಾಡಬೇಡಿ.

ನಿಮ್ಮ ಕೈಯಲ್ಲೇ ಒಂದು ಒಳ್ಳೆಯ ಸಾಧನವಿದೆ, ಹಾಜರಿ ಪುಸ್ತಕ. ಅದನ್ನು ಶೇಕಡಾ 75ರ ಲೆಕ್ಕ ಹಾಕಲು ಮಾತ್ರ ತೆಗೆಯುತ್ತೇವೆ. ಒಂದು ಸಲ ಬೇರೆ ಥರ ಓದಿ ನೋಡಿ. ಬೆಳಗಿನ ಮೊದಲ ಪಿರಿಯಡ್ ಮಾತ್ರ ಸಾಲಾಗಿ ತಪ್ಪಿದೆಯಾ? ರಾತ್ರಿ ನಿದ್ದೆ ಇಲ್ಲದಿರಬಹುದು. ಜೂನಿನಿಂದ ಒಂದೂ ತಪ್ಪಿಸದವಳು ಒಂದು ದಿನಾಂಕದಿಂದ ಮುಂದೆ ಆಗೊಮ್ಮೆ ಈಗೊಮ್ಮೆ ಬರುತ್ತಿದ್ದಾಳಾ? ಆ ದಿನಾಂಕದ ಸುತ್ತ ಏನೋ ಆಗಿದೆ.

ಬೇರೆ ಬೇರೆಯವರಿಗೆ ಬೇರೆ ಬೇರೆ ಕಾಣುತ್ತದೆ. ಹಾಸ್ಟೆಲ್ ಅಡುಗೆಯವರಿಗೆ ಯಾರು ಊಟಕ್ಕೆ ಬರುತ್ತಿಲ್ಲ ಅಂತ ವಾರ್ಡನ್‌ಗಿಂತ ಮೊದಲು ಗೊತ್ತಾಗುತ್ತದೆ. ಲೈಬ್ರರಿಯ ಕೌಂಟರಿನಲ್ಲಿ ನಾನು ನೋಡಿದ ಒಂದು ಸಂಗತಿ ಹೇಳುತ್ತೇನೆ. ಪರೀಕ್ಷೆಗೆ ಇನ್ನೂ ಐದು ವಾರ ಇದ್ದಾಗ ಎರಡನೇ ವರ್ಷದ ಹುಡುಗಿಯೊಬ್ಬಳು ಇದ್ದ ಮೂರೂ ಪುಸ್ತಕ ತಂದಿಟ್ಟಳು. ಪುಸ್ತಕಕ್ಕೆಲ್ಲಾ ಹೊಸದಾಗಿ ಬೈಂಡ್ ಹಾಕಿದ್ದಳು. ಹಳೆಯ ದಂಡ ಎಂಟು ರೂಪಾಯಿಯನ್ನೂ ಚಿಲ್ಲರೆಯಾಗಿ ಎಣಿಸಿ ಕೊಟ್ಟಳು. ಲೈಬ್ರರಿಯವರು ರಸೀದಿ ಹರಿಯುವ ಮೊದಲು ತಲೆ ಎತ್ತಿ, "ಯಾಕಮ್ಮಾ, ಪರೀಕ್ಷೆಗೆ ಬೇಡ್ವಾ?" ಅಂದರು. ಅಷ್ಟೇ ಕೇಳಿದ್ದು. ಅವಳು ಕೌಂಟರ್ ಹಿಡಿದುಕೊಂಡು ಅಳಲು ಶುರು ಮಾಡಿದಳು. ಲೆಕ್ಕ ಚುಕ್ತಾ ಮಾಡುವುದು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ಸುಮ್ಮಸುಮ್ಮನೆ ಕ್ಷಮೆ ಕೇಳುವುದು ಗಂಭೀರ ಸೂಚನೆಗಳು. ಬಹಳ ದಿನ ಒದ್ದಾಡುತ್ತಿದ್ದವರು ಇದ್ದಕ್ಕಿದ್ದಂತೆ ತೀರಾ ಶಾಂತವಾಗಿಬಿಟ್ಟರೆ ಅದನ್ನೂ ಗಮನಿಸಿ.

ಮಾತಿನಲ್ಲಿ ಯಾರೂ "ನನಗೆ ಖಿನ್ನತೆ" ಅನ್ನುವುದಿಲ್ಲ. "ತಲೆನೋವು ಸರ್", "ಹೊಟ್ಟೆ ಸರಿ ಇಲ್ಲ ಮೇಡಂ", "ಯಾಕೋ ಸುಸ್ತು" ಅನ್ನುತ್ತಾರೆ. ಉತ್ತರ ಕರ್ನಾಟಕದ ಕಡೆಯವರಾದರೆ "ತಲಿ ಕೆಟ್ಟೈತ್ರಿ" ಅಂದಾರು. "ಸಾಕಾಗಿಹೋಗಿದೆ", "ನಾನು ಇದ್ದರೂ ಒಂದೇ, ಹೋದರೂ ಒಂದೇ", "ಇನ್ನು ಸ್ವಲ್ಪ ದಿನ ಅಷ್ಟೇ ಬಿಡಿ" ಎಂಬ ಮಾತು ನಗುತ್ತಾ ಬಂದರೂ ನಗೆಯಾಗಿ ತೆಗೆದುಕೊಳ್ಳಬೇಡಿ. ಹುಡುಗರಲ್ಲಿ ಎಷ್ಟೋ ಸಲ ದುಃಖ ಸಿಟ್ಟಾಗಿ ಹೊರಗೆ ಬರುತ್ತದೆ. ಜಗಳ, ಕುಡಿತ, ಬೈಕನ್ನು ಹುಚ್ಚಾಪಟ್ಟೆ ಓಡಿಸುವುದು. ಅವರಿಗೆ ಶಿಸ್ತು ಸಮಿತಿಯ ನೋಟಿಸ್ ಸಿಗುತ್ತದೆ, ಮಾತಾಡಿಸುವವರು ಸಿಗುವುದಿಲ್ಲ.

ಕ್ಯಾಲೆಂಡರಿನಲ್ಲೂ ಕೆಲವು ದಿನಗಳಿಗೆ ಗುರುತು ಹಾಕಿಡಿ. ಫಲಿತಾಂಶದ ದಿನ, ಫೀಸಿನ ಕೊನೆ ದಿನಾಂಕ, ಹಾಜರಿ ಕೊರತೆಯ ಪಟ್ಟಿ ಬರುವ ವಾರ, ಹಬ್ಬದ ರಜೆ ಮುಗಿದ ಮೇಲಿನ ವಾರ. ಅದರ ಜೊತೆಗೆ ಮೊದಲ ವರ್ಷದ ಮೊದಲ ಮೂರು ತಿಂಗಳು. ಕನ್ನಡ ಮಾಧ್ಯಮದಲ್ಲಿ ಓದಿ ಊರಿಗೇ ಹೆಸರು ತಂದ ಮಗು ಇಂಗ್ಲಿಷ್ ಪಾಠದ ಮುಂದೆ ಕೂತು, ಒಂದು ಪ್ಯಾರಾ ಅರ್ಥವಾಗದೆ, ಮೊದಲ ಇಂಟರ್ನಲ್ಸ್‌ನಲ್ಲಿ ಒಂದಂಕಿ ತೆಗೆದಾಗ ಆಗುವ ನಾಚಿಕೆ ಎಂಥದ್ದು ಅಂತ ನಾವು ಲಘುವಾಗಿ ನೋಡುತ್ತೇವೆ. ಮನೆಯಲ್ಲಿ "ನಮ್ಮ ಹುಡುಗ ಓದ್ತಿದಾನೆ" ಅಂತ ಎಲ್ಲರಿಗೂ ಹೇಳಿಕೊಂಡಿರುತ್ತಾರೆ. ಅವನಿಗೆ ಹೇಳಿಕೊಳ್ಳಲು ಯಾರೂ ಇರುವುದಿಲ್ಲ.

ಹಂತ 2: ಕರೆಯುವ ರೀತಿ

ಪಾಠ ನಡೆಯುವಾಗ ಅಟೆಂಡರ್ ಕಳಿಸಿ "ಮೇಡಂ ಕರೀತಾರೆ" ಅನ್ನಿಸಬೇಡಿ. ಅರವತ್ತು ಕಣ್ಣು ಅವನ ಮೇಲೆ ಬೀಳುತ್ತವೆ. ಕಾರಿಡಾರಿನಲ್ಲಿ ಸಿಕ್ಕಾಗ, "ಮಧ್ಯಾಹ್ನ ಊಟ ಆದಮೇಲೆ ಹತ್ತು ನಿಮಿಷ ಬರ್ತೀಯಾ? ಬೈಯೋಕಲ್ಲ, ಸುಮ್ನೆ ಮಾತಾಡೋಕೆ" ಎಂದು ಹೇಳಿ. ಆ ಎರಡನೇ ವಾಕ್ಯ ಬಿಡಬೇಡಿ. ಕಾಲೇಜಿನಲ್ಲಿ ಕರೆ ಬಂತು ಅಂದರೆ ಬೈಗುಳ ಅಂತಲೇ ಮಕ್ಕಳ ಲೆಕ್ಕ.

ಪುರುಷ ಉಪನ್ಯಾಸಕರು ವಿದ್ಯಾರ್ಥಿನಿಯ ಜೊತೆ ಮಾತಾಡುವಾಗ ಬಾಗಿಲು ಅರ್ಧ ತೆರೆದಿರಲಿ. ಮಹಿಳಾ ಸಹೋದ್ಯೋಗಿ ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಮಾತು ಕೇಳದಷ್ಟು ದೂರದಲ್ಲಿ ಇರಲಿ. ಬೇಕಿದ್ದರೆ ಮಹಿಳಾ ಸಿಬ್ಬಂದಿಯ ಹತ್ತಿರವೇ ಮಾತಾಡಬಹುದು ಅಂತ ಮೊದಲೇ ಹೇಳಿ.

ಹಂತ 3: ಕೇಳಿ, ಆಮೇಲೆ ಸುಮ್ಮನಿರಿ

ಕಂಡದ್ದರಿಂದ ಶುರು ಮಾಡಿ. "ಎರಡು ವಾರದಿಂದ ನೋಡ್ತಿದೀನಿ, ಮೊದಲಿನ ಹಾಗೆ ಇಲ್ಲ ನೀನು. ಊಟ ನಿದ್ದೆ ಸರಿ ಆಗ್ತಿದೆಯಾ?" ಊಟ, ನಿದ್ದೆಯ ಪ್ರಶ್ನೆಗೆ ಉತ್ತರ ಕೊಡುವುದು ಸುಲಭ. ಅಲ್ಲಿಂದ ಮಿಕ್ಕದ್ದು ತಾನೇ ಬರುತ್ತದೆ.

ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂರುವುದೇ ನಮಗೆ ಕಷ್ಟ, ನಮ್ಮದು ಪಾಠ ಮಾಡುವ ಬಾಯಿ. ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ. ಅತ್ತರೆ ಅಳಲಿ. ನೀರಿನ ಬಾಟಲಿ ಹತ್ತಿರ ಸರಿಸಿ. "ಅಳಬೇಡ" ಅನ್ನಬೇಡಿ. ಅವರು ಹೇಳಿದ್ದನ್ನೇ ಒಂದು ಸಾಲಿನಲ್ಲಿ ತಿರುಗಿ ಹೇಳಿ: "ಅಂದರೆ ಅಪ್ಪನ ಸಾಲದ ವಿಷಯ ಗೊತ್ತಾದಾಗಿನಿಂದ ಓದೋಕೆ ಆಗ್ತಿಲ್ಲ, ಅಲ್ವಾ?" ಕೇಳಿಸಿಕೊಂಡಿದ್ದೀರಿ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಲ್ಲಿ ಎಲ್ಲರೂ ಎಡವುವ ಮಾತುಗಳು ಕೆಲವಿವೆ. "ನಮ್ಮ ಕಾಲದಲ್ಲಿ ಹತ್ತು ಕಿಲೋಮೀಟರ್ ನಡೆದು ಬರ್ತಿದ್ವಿ." "ಇಷ್ಟಕ್ಕೆಲ್ಲಾ ಯಾರಾದ್ರೂ ತಲೆ ಕೆಡಿಸಿಕೊಳ್ತಾರಾ?" "ಯೋಗ ಮಾಡು, ಎಲ್ಲ ಸರಿಹೋಗುತ್ತೆ." ಎಲ್ಲಕ್ಕಿಂತ ಕೆಟ್ಟದ್ದು, "ಅಪ್ಪ ಅಮ್ಮನ ಮುಖ ನೋಡಿಯಾದ್ರೂ ಸರಿಯಾಗು." ನಾವು ಒಳ್ಳೆಯದಕ್ಕೇ ಹೇಳುತ್ತೇವೆ. ಆ ಮಗು ಮನೆಯವರಿಗೆ ಭಾರವಾಗಿದ್ದೇನೆ ಅಂತ ಮೊದಲೇ ಕೊರಗುತ್ತಿರುತ್ತದೆ. ನಮ್ಮ ಮಾತು ಆ ಭಾರದ ಮೇಲೆ ಇನ್ನೊಂದು ಕಲ್ಲು ಹೇರುತ್ತದೆ.

"ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ. ಹೀಗೆ ಹೇಳಿ: "ನೀನು ಹೇಳಿದ್ದು ನನ್ನ ಹತ್ತಿರವೇ ಇರುತ್ತೆ. ಆದರೆ ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ ಸಹಾಯ ಮಾಡಬಲ್ಲವರಿಗೆ ತಿಳಿಸ್ತೀನಿ. ತಿಳಿಸೋ ಮೊದಲು ನಿನಗೆ ಹೇಳ್ತೀನಿ." ಹೇಳಿದ ಮೇಲೆ ಹಾಗೇ ನಡೆದುಕೊಳ್ಳಿ. ಸ್ಟಾಫ್ ರೂಮಿನ ಚಹಾದ ಜೊತೆ ಆ ಕಥೆ ಹೊರಬಿದ್ದರೆ, ವಿಭಾಗದ ವಾಟ್ಸಾಪ್ ಗುಂಪಿಗೆ ಹೋದರೆ, ಆ ವಿದ್ಯಾರ್ಥಿ ಮತ್ತೆ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ.

ವಿಷಯ ಲೈಂಗಿಕ ದೌರ್ಜನ್ಯದ್ದಾದರೆ ಮತ್ತು ವಿದ್ಯಾರ್ಥಿಗೆ 18 ತುಂಬಿರದಿದ್ದರೆ, ಪೋಕ್ಸೋ ಕಾಯ್ದೆ ಪ್ರಕಾರ ವರದಿ ಮಾಡುವುದು ಕಡ್ಡಾಯ. ಪಿಯು ಕಾಲೇಜಿನವರು ಇದನ್ನು ಮರೆಯುವಂತಿಲ್ಲ. ಮಕ್ಕಳ ಸಹಾಯವಾಣಿ 1098. ರ‍್ಯಾಗಿಂಗ್ ಆದರೆ 1800-180-5522.

ಹಂತ 4: ನೇರವಾಗಿ ಕೇಳಿ

ಎಲ್ಲರೂ ಹಿಂಜರಿಯುವ ಜಾಗ ಇದು. ಸಾವಿನ ಯೋಚನೆ ಬಂದಿದೆಯಾ ಅಂತ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತೆ ಆಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಅದು ತಪ್ಪು. ಕೇಳಿದರೆ ಯೋಚನೆ ಹುಟ್ಟುವುದಿಲ್ಲ. ಒಬ್ಬರೇ ಹೊತ್ತುಕೊಂಡದ್ದನ್ನು ಇಳಿಸಲು ದಾರಿ ಸಿಗುತ್ತದೆ.

ಮಾತು ಹೀಗಿರಲಿ: "ಇಷ್ಟು ಕಷ್ಟ ಬಂದಾಗ ಕೆಲವರಿಗೆ ಸತ್ತುಹೋಗೋಣ ಅನ್ನಿಸುತ್ತೆ. ನಿನಗೂ ಹಾಗೆ ಅನ್ನಿಸಿದೆಯಾ?"

"ಹಾಗೇನೂ ಯೋಚನೆ ಮಾಡ್ತಿಲ್ಲ ತಾನೇ?" ಎಂದು ಕೇಳಬೇಡಿ. ಆ ಪ್ರಶ್ನೆಯಲ್ಲೇ "ಇಲ್ಲ" ಅನ್ನು ಅನ್ನುವ ಒತ್ತಾಯವಿದೆ. "ಹೌದು" ಅಂದರೆ ಮುಖದಲ್ಲಿ ಗಾಬರಿ ತೋರಿಸದೆ, "ಹೇಳಿದ್ದು ಒಳ್ಳೆಯದಾಯ್ತು" ಅನ್ನಿ. ಆಮೇಲೆ ಮೂರು ವಿಷಯ ಕೇಳಿ. ಎಷ್ಟು ದಿನದಿಂದ? ಹೇಗೆ, ಯಾವಾಗ ಅಂತ ಏನಾದರೂ ತೀರ್ಮಾನ ಮಾಡಿಕೊಂಡಿದ್ದೀಯಾ? ಹಿಂದೆ ಯಾವತ್ತಾದರೂ ಪ್ರಯತ್ನ ಮಾಡಿದ್ದಿದೆಯಾ? ಎರಡನೆಯದಕ್ಕೋ ಮೂರನೆಯದಕ್ಕೋ "ಹೌದು" ಬಂದರೆ ಸೀದಾ ಮುಂದಿನ ಹಂತಕ್ಕೆ ಹೋಗಿ.

ಹಂತ 5: ಅಪಾಯ ಇದೆ ಅನ್ನಿಸಿದರೆ

ಒಂಟಿಯಾಗಿ ಬಿಡಬೇಡಿ. ಶೌಚಾಲಯಕ್ಕೆ ಹೋದರೂ ಹೊರಗೆ ಒಬ್ಬರು ನಿಂತಿರಲಿ. "ಮನೆಗೆ ಹೋಗಿ ರೆಸ್ಟ್ ಮಾಡು" ಅಂತ ಬಸ್ಸು ಹತ್ತಿಸಬೇಡಿ, ಹಾಸ್ಟೆಲ್ ರೂಮಿಗೂ ಕಳಿಸಬೇಡಿ. ಮೊದಲೇ ಹೆಸರು ಗುರುತಿಸಿಟ್ಟ ಆ ಇಬ್ಬರು ಸಿಬ್ಬಂದಿಯಲ್ಲಿ ಒಬ್ಬರನ್ನು ಕರೆಯಿರಿ. ಅಲ್ಲೇ ಕೂತು 14416ಕ್ಕೆ ಫೋನ್ ಮಾಡಿ, ಸ್ಪೀಕರಿನಲ್ಲಿ ಮಾತಾಡಿ. ಹಾನಿ ಮಾಡಿಕೊಳ್ಳುವಂಥದ್ದು ಏನಾದರೂ ಬಳಿ ಇದ್ದರೆ ಕೇಳಿ ಪಡೆದುಕೊಳ್ಳಿ. ಈಗಾಗಲೇ ಏನಾದರೂ ಮಾಡಿಕೊಂಡಿದ್ದರೆ ಮಾತುಕತೆ ಸಾಕು, 108ಕ್ಕೆ ಕರೆ ಮಾಡಿ, ಇಲ್ಲ ಕಾಲೇಜಿನ ಗಾಡಿಯಲ್ಲೇ ಆಸ್ಪತ್ರೆಗೆ ಹೊರಡಿ.

"ಪೊಲೀಸ್ ಕೇಸ್ ಆಗುತ್ತೆ" ಅಂತ ಹೆದರಿ ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಬೇರೆ ರೀತಿ ಸಾಬೀತಾಗದ ಹೊರತು ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅದಕ್ಕಾಗಿ ಅವರನ್ನು ಶಿಕ್ಷಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆ ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ ಇಲ್ಲ. ಆಸ್ಪತ್ರೆಯವರು ದಾಖಲೆಗೆ ಬರೆದುಕೊಳ್ಳಬಹುದು, ಅಷ್ಟಕ್ಕೆ ಹೆದರಿ ಸಮಯ ಕಳೆಯಬೇಡಿ.

ಪರೀಕ್ಷಾ ಕೊಠಡಿಯಲ್ಲಿ ಆಗುವ ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಕೈ ನಡುಗಿ, ಎದೆ ಹೊಡೆದುಕೊಂಡು, ಉಸಿರು ಸಿಗದಂತಾಗುವುದು ಪ್ಯಾನಿಕ್ ಅಟ್ಯಾಕ್, ಅಂದರೆ ಒಮ್ಮೆಲೇ ಉಕ್ಕುವ ವಿಪರೀತ ಗಾಬರಿ. ನಾಟಕ ಅಲ್ಲ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ನಿಧಾನಕ್ಕೆ ಇಳಿಯುತ್ತದೆ. ಹೊರಗೆ ಕೂರಿಸಿ, ನಾಲ್ಕು ಎಣಿಸುತ್ತಾ ಉಸಿರು ಎಳೆದು ಆರು ಎಣಿಸುತ್ತಾ ಬಿಡಲು ಹೇಳಿ, ನೀವೂ ಜೊತೆಗೆ ಮಾಡಿ. ಎದೆನೋವು ಇದ್ದರೆ, ತಲೆತಿರುಗಿ ಬಿದ್ದರೆ, ಇಳಿಯದೇ ಇದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ.

ಹಂತ 6: ಕೈ ಹಿಡಿದು ಒಪ್ಪಿಸುವುದು

ಪದಗಳ ಗೊಂದಲ ಮೊದಲು ಬಿಡಿಸೋಣ. ಕೌನ್ಸೆಲರ್ ಅಥವಾ ಆಪ್ತಸಮಾಲೋಚಕರು ಮಾತಿನ ಮೂಲಕ ನೆರವಾಗುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಮನಶ್ಶಾಸ್ತ್ರದ ಪರೀಕ್ಷೆ ಮತ್ತು ಥೆರಪಿಯಲ್ಲಿ ತರಬೇತಿ ಪಡೆದವರು. ಸೈಕಿಯಾಟ್ರಿಸ್ಟ್ ಎಂದರೆ ಮನೋವೈದ್ಯರು. ಇವರು ಡಾಕ್ಟರು, ಔಷಧಿ ಬರೆಯುವವರು. ಯಾರು ಬೇಕು ಅಂತ ಗೊತ್ತಾಗದಿದ್ದರೆ ಕೌನ್ಸೆಲರಿನಿಂದ ಶುರು ಮಾಡಿ.

ಚೀಟಿಯಲ್ಲಿ ನಂಬರ್ ಬರೆದುಕೊಟ್ಟರೆ ಹತ್ತರಲ್ಲಿ ಒಬ್ಬರೂ ಹೋಗುವುದಿಲ್ಲ ಅಂತ ಇಟ್ಟುಕೊಳ್ಳಿ. "ಬಾ, ಈಗಲೇ ಫೋನ್ ಮಾಡೋಣ, ನಾನೂ ಇರ್ತೀನಿ" ಅನ್ನಿ. ಮೊದಲ ಸಲ ಆಸ್ಪತ್ರೆಗೆ ನೀವೋ, ಒಪ್ಪಿದ ಗೆಳೆಯನೋ ಜೊತೆಗೆ ಹೋಗಲಿ. "ನಾನೇನು ಹುಚ್ಚನಾ ಸರ್?" ಎಂಬ ಪ್ರಶ್ನೆ ಖಂಡಿತ ಬರುತ್ತದೆ. "ಜ್ವರ ವಾರಗಟ್ಟಲೆ ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗ್ತೀವಲ್ಲ? ನಿನಗೆ ಮೂರು ವಾರದಿಂದ ನಿದ್ದೆ ಇಲ್ಲ" ಅಂದರೆ ಹೆಚ್ಚಿನವರು ಒಪ್ಪುತ್ತಾರೆ. ಇವತ್ತು ಒಪ್ಪದಿದ್ದರೆ, ಜೀವಕ್ಕೆ ಅಪಾಯ ಇಲ್ಲ ಅಂತಾದರೆ, ಮೂರು ದಿನ ಬಿಟ್ಟು ಮತ್ತೆ ಕೇಳಿ.

ಹಂತ 7: ಮನೆಯವರಿಗೆ ಹೇಳುವ ಮೊದಲು

ನಮ್ಮ ಕೈ ತಕ್ಷಣ ಹೋಗುವುದು ಪೋಷಕರ ನಂಬರಿಗೆ. ಸ್ವಲ್ಪ ತಡೆಯಿರಿ. ಜೀವದ ಅಪಾಯ ಇದ್ದರೆ ಮನೆಗೆ ತಿಳಿಸಲೇಬೇಕು. ಇಲ್ಲದಿದ್ದರೆ ಮೊದಲು ವಿದ್ಯಾರ್ಥಿಯನ್ನೇ ಕೇಳಿ: "ಮನೆಯಲ್ಲಿ ಯಾರಿಗೆ ಹೇಳಿದರೆ ನಿನಗೆ ಒಳ್ಳೆಯದು?" ಅಪ್ಪನ ಬದಲು ಅಕ್ಕನೋ ಸೋದರಮಾವನೋ ಆಗಬಹುದು. ಹುಡುಗಿಯ ಸಂಕಟ ಪ್ರೀತಿಯದ್ದು, ಅದರಲ್ಲೂ ಬೇರೆ ಜಾತಿಯ ಹುಡುಗನದ್ದು ಎಂದಾದರೆ, ನಿಮ್ಮ ಒಂದು ಫೋನ್ ಕರೆಯಿಂದ ಅವಳ ಓದು ನಿಂತು ಮುಂದಿನ ತಿಂಗಳೇ ಮದುವೆ ಆಗಬಹುದು, ಏಟೂ ಬೀಳಬಹುದು. ತೊಂದರೆ ಮನೆಯೊಳಗಿನದ್ದೇ ಆಗಿದ್ದರೆ ಮಹಿಳಾ ಸಹಾಯವಾಣಿ 181 ಇದೆ.

ಹೇಳುವಾಗ "ನಿಮ್ಮ ಮಗನಿಗೆ ತಲೆ ಸರಿ ಇಲ್ಲ" ಎಂಬ ಮಾತು ಬರಕೂಡದು. "ಅವನು ತುಂಬಾ ನೊಂದಿದಾನೆ, ನಿದ್ದೆ ಮಾಡ್ತಿಲ್ಲ. ಈಗ ಬೈಯಬೇಡಿ, ಜೊತೆಗಿರಿ. ಡಾಕ್ಟರಿಗೆ ತೋರಿಸೋಣ" ಅನ್ನಿ. ಆದಷ್ಟು ಎದುರಿಗೆ ಕೂರಿಸಿ ಹೇಳಿ. ಬಸ್ಸಿನಲ್ಲಿ ಬಂದವರಿಗೆ ಮೊದಲು ಒಂದು ಲೋಟ ನೀರು, ಚಹಾ ಕೊಡಿ.

ಹಂತ 8: ಆಫೀಸಿನ ಕೆಲಸ

ಎಷ್ಟೋ ಸಲ ಅರ್ಧ ಸಂಕಟ ಆಫೀಸಿನಲ್ಲೇ ಪರಿಹಾರವಾಗುತ್ತದೆ. ಸ್ಕಾಲರ್‌ಶಿಪ್ ಹಣ ಬರುವವರೆಗೆ ಫೀಸಿಗೆ ಕಂತು, ವೈದ್ಯಕೀಯ ಪ್ರಮಾಣಪತ್ರ ಕೊಟ್ಟರೆ ಹಾಜರಿಗೆ ವಿನಾಯಿತಿ ಅರ್ಜಿ, ತಪ್ಪಿದ ಇಂಟರ್ನಲ್ಸ್‌ಗೆ ಇನ್ನೊಂದು ಅವಕಾಶ. ನಿಯಮದಲ್ಲಿ ಏನಿದೆ ಅಂತ ನೀವೇ ಕ್ಲರ್ಕ್ ಹತ್ತಿರ ವಿಚಾರಿಸಿ ಅರ್ಜಿ ಬರೆಸಿ. ಮನಸ್ಸು ಕುಸಿದವರಿಗೆ ನಾಲ್ಕು ಟೇಬಲ್ ಸುತ್ತುವ ತ್ರಾಣ ಇರುವುದಿಲ್ಲ. ಅರ್ಜಿಯಲ್ಲಿ "ಆರೋಗ್ಯ ಕಾರಣ" ಎಂದಷ್ಟೇ ಇರಲಿ.

ಹಾಜರಿ ಕೊರತೆ ಇರುವವರ ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕುವ ಪದ್ಧತಿ, ಫೀಸು ಬಾಕಿ ಇರುವವರನ್ನು ಕ್ಲಾಸಿನಲ್ಲಿ ಎಬ್ಬಿಸಿ ನಿಲ್ಲಿಸುವ ಪದ್ಧತಿ ನಿಮ್ಮಲ್ಲಿದ್ದರೆ ನಿಲ್ಲಿಸಿ. ಅದರಿಂದ ಒಂದು ರೂಪಾಯಿ ಬೇಗ ಬಂದದ್ದನ್ನು ನಾನು ಕಂಡಿಲ್ಲ. ಆ ಮಕ್ಕಳು ಮಾರನೇ ದಿನದಿಂದ ಬರದೇ ಹೋದದ್ದನ್ನು ಕಂಡಿದ್ದೇನೆ.

ಹಂತ 9: ಮತ್ತೆ ವಿಚಾರಿಸಿ

ಆಸ್ಪತ್ರೆಗೆ ಕಳಿಸಿ ಕೈ ತೊಳೆದುಕೊಂಡರೆ ಆಗಲಿಲ್ಲ. ಮೊದಲ ವಾರ ಎರಡು ಸಲ, ಆಮೇಲೆ ವಾರಕ್ಕೊಮ್ಮೆ ಮಾತಾಡಿಸಿ. "ಮಾತ್ರೆ ತಗೊಂಡ್ಯಾ?" ಎಂದು ಹತ್ತು ಜನರ ನಡುವೆ ಕೇಳಬೇಡಿ. "ಊಟ ಆಯ್ತಾ?" ಸಾಕು, ಅವರಿಗೆ ಅರ್ಥವಾಗುತ್ತದೆ. ಮಾತ್ರೆಯ ಪರಿಣಾಮ ಕಾಣಲು ಕೆಲವು ವಾರ ಬೇಕು. ಈ ನಡುವೆ "ಏನೂ ಉಪಯೋಗ ಇಲ್ಲ" ಅಂತ ಬಿಟ್ಟುಬಿಡುವವರು ಜಾಸ್ತಿ. ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು ಅಂತ ಒಮ್ಮೆ ಹೇಳಿ.

ಗೆಳೆಯರಿಗೆ ಕಾವಲು ಕೆಲಸ ಹಚ್ಚಬೇಡಿ. ರೂಮ್‌ಮೇಟ್‌ಗೂ ಹತ್ತೊಂಬತ್ತೇ ವಯಸ್ಸು. ಏನಾದರೂ ಕಂಡರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದಷ್ಟು ಅವನಿಗೆ ಗೊತ್ತಿದ್ದರೆ ಸಾಕು. ನಿಮಗೂ ರಾತ್ರಿ ನಿದ್ದೆ ಬರದ ದಿನ ಇರುತ್ತದೆ. ವಿದ್ಯಾರ್ಥಿಯ ಹೆಸರು ಹೇಳದೆ, ಗುರುತಿಸಿಟ್ಟ ಆ ಇಬ್ಬರಲ್ಲಿ ಒಬ್ಬ ಸಹೋದ್ಯೋಗಿಯ ಹತ್ತಿರ ಮಾತಾಡಿ, ಇಲ್ಲವೇ 14416ಕ್ಕೆ ನಿಮಗಾಗಿಯೇ ಕರೆ ಮಾಡಿ.

ಸೆಮಿಸ್ಟರ್ ರಜೆಗೆ ಮೊದಲು ಒಮ್ಮೆ ಕೂರಿಸಿಕೊಳ್ಳಿ. ರಜೆಯಲ್ಲಿ ಕಷ್ಟವಾದರೆ ಯಾರಿಗೆ ಹೇಳುತ್ತೀಯ ಅಂತ ಕೇಳಿ, ಎರಡು ಹೆಸರು ಅವರ ಕೈಯಿಂದಲೇ ಬರೆಸಿ. ಮಾತ್ರೆ ರಜೆ ಮುಗಿಯುವವರೆಗೆ ಸಾಕಾಗುತ್ತದಾ ಅಂತಲೂ ಕೇಳಿ. ಕಾಲೇಜು ಮತ್ತೆ ಶುರುವಾದ ದಿನ ಹಾಜರಿ ಕೂಗುವಾಗ ಆ ಹೆಸರು ಬಂದಾಗ ಪುಸ್ತಕದಿಂದ ತಲೆ ಎತ್ತಿ ನೋಡಿ. ಉತ್ತರ ಬರದಿದ್ದರೆ ಪಿರಿಯಡ್ ಮುಗಿದ ಕೂಡಲೇ ಫೋನ್ ಮಾಡಿ.